ಮೇಲೆ ಹೋದಾಗ ಇಂಜಿನ್ ನಿಂತೋದ್ರೆ? ಎಲ್ರೂ ಕೇಳೋ ಪ್ರಶ್ನೆಗೆ ನನ್ನ ಉತ್ತರ

ಹಾಸನದಲ್ಲಿ ಯಾರ ಮದ್ವೆಗೆ ಹೋದ್ರೂ, ನಾನು ಪೈಲಟ್ ಟ್ರೈನಿಂಗ್ ಮಾಡಿದೀನಿ ಅಂತ ಗೊತ್ತಾದ ತಕ್ಷಣ ಇದೇ ಪ್ರಶ್ನೆ: ಮೇಲೆ ಇಂಜಿನ್ ಕೈ ಕೊಟ್ರೆ ದೊಪ್ ಅಂತ ಬೀಳಲ್ವೇನಪ್ಪಾ?

ಬೀಳಲ್ಲ ಮಾವ. ಶಿರಾಡಿ ಘಾಟಲ್ಲಿ ಗಾಡಿ ನ್ಯೂಟ್ರಲ್‌ಗೆ ಬಂದ್ರೂ ಇಳಿಜಾರಲ್ಲಿ ಓಡ್ತಾನೇ ಇರುತ್ತಲ್ಲ, ಹಂಗೆ. ಮೂತಿ ಸ್ವಲ್ಪ ತಗ್ಗಿಸಿ ಸ್ಪೀಡ್ ಉಳಿಸ್ಕೊಂಡ್ರೆ ಸಾಕು. ನಾವು ಕಲಿಯೋ ಪುಟ್ಟ ವಿಮಾನ ಸೆಸ್ನಾ 172ರಲ್ಲಿ ಅದು ಸುಮಾರು 65 ನಾಟ್, ಅಂದ್ರೆ ಗಂಟೆಗೆ 120 ಕಿಮೀ. ಆಗ ಒಂದು ಅಡಿ ಇಳಿಯೋದ್ರಲ್ಲಿ ಒಂಬತ್ತು ಅಡಿ ಮುಂದೆ ಹೋಗುತ್ತೆ. ನೆಲದಿಂದ 3000 ಅಡಿ ಮೇಲಿದ್ರೆ 8 ಕಿಮೀ, ನಾಲ್ಕು ನಿಮಿಷ.

ನೆಲದಿಂದ ಅನ್ನೋದು ಮುಖ್ಯ ಕಣ್ರೀ. ವಿಮಾನದ ಎತ್ತರದ ಮೀಟರ್ ತೋರ್ಸೋದು ಸಮುದ್ರಮಟ್ಟದ ಲೆಕ್ಕ, ಹಾಸನದ ನೆಲಾನೇ 3000 ಅಡಿಗಿಂತ ಮೇಲಿದೆ, ಹಂಗಾಗಿ 5000 ಅಂತ ತೋರಿಸ್ತಿದ್ರೂ ನಮ್ಮ ಕೈಲಿ ಇರೋದು ಎರಡೂವರೆ ನಿಮಿಷ ಅಷ್ಟೆ.

ಅಷ್ಟರಲ್ಲಿ ಮೊದಲು ಜಾಗ ಹುಡುಕ್ಬೇಕು, ಆಮೇಲೆ ಟೈಮ್ ಇದ್ರೆ ಇಂಜಿನ್ ರಿಪೇರಿ ಯೋಚನೆ: ಫ್ಯುಯೆಲ್ ಸೆಲೆಕ್ಟರ್ (ಯಾವ ಟ್ಯಾಂಕಿಂದ ಪೆಟ್ರೋಲ್ ಅನ್ನೋ ಸ್ವಿಚ್ಚು), ಮಿಕ್ಸ್ಚರ್ (ಪೆಟ್ರೋಲ್-ಗಾಳಿ ಹದ), ಮ್ಯಾಗ್ನೆಟೋ (ಕಿಡಿ ಕೊಡೋದು), ಕಾರ್ಬ್ ಹೀಟ್ (ಕಾರ್ಬ್ಯುರೇಟರ್‌ಗೆ ಬಿಸಿ ಗಾಳಿ). ಕಾರ್ಬ್ಯುರೇಟರ್ ಒಳಗೆ ಐಸ್ ಕಟ್ಟುತ್ತೆ ಅಂದ್ರೆ ಯಾರೂ ನಂಬಲ್ಲ, ಆದ್ರೆ ಗಾಳೀಲಿ ತೇವ ಇದ್ರೆ ಹೊರಗೆ 20 ಡಿಗ್ರಿ ಇದ್ರೂ ಕಟ್ಟುತ್ತೆ. ರೇಡಿಯೋದಲ್ಲಿ ಮೇಡೇ, ಅಂದ್ರೆ ಅಪಾಯದಲ್ಲಿದೀವಿ ಅಂತ ಹೇಳೋದು ಇದೆಲ್ಲ ಆದ್ಮೇಲೆ.

ಟ್ರೈನಿಂಗಲ್ಲಿ ಇನ್‌ಸ್ಟ್ರಕ್ಟರ್ ಹೇಳ್ದೇ ಕೇಳ್ದೇ ಥ್ರಾಟಲ್ ಹಿಂದಕ್ಕೆಳೆದು ಇಂಜಿನ್ ಪವರ್ ಇಳಿಸಿ "ಎಲ್ಲಿಳಿಸ್ತೀಯಾ?" ಅಂತಿದ್ರು. ಅವತ್ತಿಂದ ಬಸ್ಸಲ್ಲಿ ಕೂತ್ರೂ ಹೊಲ ನೋಡೋ ಚಟ ನಂಗೆ. ಕಟಾವಾದ ರಾಗಿ ಹೊಲ ಸಿಕ್ರೆ ಸ್ವರ್ಗ. ಆಲೂಗಡ್ಡೆ ಹೊಲ ಆದ್ರೆ ಸಾಲಿನ ಉದ್ದಕ್ಕೇ ಇಳಿಸ್ಬೇಕು, ಅಡ್ಡ ಹೋದ್ರೆ ಮುಂದಿನ ಚಕ್ರ ಮುರಿಯುತ್ತೆ. ಶುಂಠಿ ಮಡಿ ಬೇಡವೇ ಬೇಡ. ಅರಸೀಕೆರೆ ಕಡೆ ತೆಂಗಿನ ತೋಟ, ಸಕಲೇಶಪುರದ ಕಡೆ ಕಾಫಿ ತೋಟದ ಸಿಲ್ವರ್ ಓಕು, ಅಲ್ಲಿ ಮಾತ್ರ ಇಂಜಿನ್ ನಿಲ್ದೇ ಇರ್ಲಪ್ಪಾ ಅಂತ ದೇವ್ರಿಗೆ ಕೈ ಮುಗಿಯೋದೇ. ಕರೆಂಟ್ ತಂತಿ ಮೇಲಿಂದ ಕಾಣಲ್ಲ, ಕಂಬದ ಸಾಲು ನೋಡಿ ಅಂದಾಜು ಮಾಡ್ಬೇಕು. ಒಂದ್ಸಲ ಹೊಲ ಆರಿಸಿದ್ಮೇಲೆ, ಪಕ್ಕದ್ದು ಚೆನ್ನಾಗಿದೆ ಅಂತ ಕೊನೇ ಗಳಿಗೇಲಿ ಬದಲಾಯಿಸ್ಬಾರ್ದು. ನನ್ನ ಪ್ರಕಾರ ಕಷ್ಟದ್ದು ಅದೇ, ವಿಮಾನ ಹಾರ್ಸೋದಲ್ಲ.

2009ರ ಜನವರಿ 15ಕ್ಕೆ ನ್ಯೂಯಾರ್ಕಲ್ಲಿ ಇಂಜಿನ್ ನಿಂತ ವಿಮಾನಾನ ಹಡ್ಸನ್ ನದಿ ಮೇಲೆ ಇಳಿಸಿ 155 ಜನಾನೂ ಉಳಿಸಿದ್ರಲ್ಲ, ನಾವೂ ಗೊರೂರು ಹಿನ್ನೀರಿಗೆ ಇಳಿಸ್ಬೋದಲ್ವಾ ಅಂತಾನೂ ಕೇಳ್ತಾರೆ. ಆ ದೊಡ್ಡ ವಿಮಾನದ ಚಕ್ರ ಒಳಗೆ ಮಡಚಿದ್ವು. ನಮ್ಮ ಸೆಸ್ನಾದ ಚಕ್ರ ಯಾವಾಗ್ಲೂ ಹೊರಗೇ, ನೀರಿಗೆ ತಾಗಿದ್ರೆ ಪಲ್ಟಿ ಹೊಡೆಯೋ ಚಾನ್ಸೇ ಜಾಸ್ತಿ. ಬೇಸಿಗೇಲಿ ನೀರು ಇಳಿದು ಒಣಗಿದ ಜಾಗ ಆದ್ರೆ ಯೋಚಿಸ್ಬೋದು.

ಟೇಕಾಫ್ ಆದ ಕೂಡ್ಲೇ ನಿಂತ್ರೆ ಮಾತ್ರ ರನ್‌ವೇಗೆ ವಾಪಸ್ ತಿರುಗಿಸೋ ಆಸೆ ಬಿಡ್ಬೇಕು. ಕಮ್ಮಿ ಎತ್ತರದಲ್ಲಿ ಜೋರಾಗಿ ವಾಲ್ಸಿ ತಿರುಗಿಸೋಕೆ ಹೋಗಿ ಸ್ಟಾಲ್ ಆಗಿ, ಅಂದ್ರೆ ರೆಕ್ಕೆ ಎತ್ತೋ ಶಕ್ತಿ ಕಳ್ಕೊಂಡು, ಸತ್ತವ್ರಿದ್ದಾರೆ, ಮುಂದೆ ಏನು ಸಿಗುತ್ತೋ ಅಲ್ಲೇ ಇಳಿಸ್ಬೇಕು. ನೆಲ ಮುಟ್ಟೋ ಮುಂಚೆ ಪೆಟ್ರೋಲ್ ಬಂದ್, ಫ್ಲ್ಯಾಪ್ (ರೆಕ್ಕೆ ಹಿಂದಿರೋ, ಕರೆಂಟಲ್ಲಿ ಇಳಿಯೋ ಪಟ್ಟಿ) ಇಳಿಸಿದ್ಮೇಲೆ ಕರೆಂಟ್ ಬಂದ್, ಜಾಮ್ ಆಗ್ದೇ ಇರ್ಲಿ ಅಂತ ಬಾಗಿಲ ಚಿಲಕ ಮೊದಲೇ ತೆಗೆದಿರ್ಬೇಕು. ಆದಷ್ಟು ನಿಧಾನವಾಗಿ ಮುಟ್ಟಿಸ್ಬೇಕು, ಸ್ಪೀಡ್ ಒಂದೂವರೆ ಪಟ್ಟಾದ್ರೆ ಹೊಡೆತ ಎರಡು ಪಟ್ಟಿಗೂ ಮೇಲೆ.

ಇಷ್ಟೆಲ್ಲ ಕೇಳಿದ್ಮೇಲೆ ಚಿಕ್ಕಪ್ಪನ ಪ್ರಶ್ನೆ, ಆಮೇಲೆ ಹೊಲದಿಂದ ಹೆಂಗೆ ಎತ್ಕೊಂಡ್ ಹೋಗ್ತೀರೋ? ಜಾಗ ಸಾಲ್ದಿದ್ರೆ ಹಾರಿಸ್ಕೊಂಡು ಹೋಗಲ್ಲ ಚಿಕ್ಕಪ್ಪ, ರೆಕ್ಕೆ ಬಿಚ್ಚಿ ಲಾರಿಗೆ ಹಾಕ್ತಾರೆ.