ಓದುವ ಆಸೆ ಮತ್ತೆ ಹುಟ್ಟುತ್ತದೆಯೇ?

ಪುಸ್ತಕಗಳ ಕರಡು ತಿದ್ದುವುದು ನನ್ನ ಕೆಲಸ. ಅದು ಗೊತ್ತಾದವರು ಎರಡನೆಯ ಮಾತಿಗೇ ಕೇಳುತ್ತಾರೆ: "ಮೊದಲು ಊಟ ಮರೆತು ಓದುತ್ತಿದ್ದೆ. ಈಗ ನಾಲ್ಕು ಪುಟ ದಾಟುವುದಿಲ್ಲ. ನಿಮಗೆ ಹೀಗೆ ಆಗಿಲ್ಲವೇ?" ಆಗಿದೆ, ಬಹಳ ಕಾಲ ಆಗಿದೆ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ.

ಕೇಳುವವರು ಸಾಮಾನ್ಯವಾಗಿ ಮೊಬೈಲನ್ನು ದೂರುತ್ತಲೇ ಮಾತು ಶುರು ಮಾಡುತ್ತಾರೆ. ಮೊಬೈಲ್ ಹೊತ್ತು ತಿನ್ನುತ್ತದೆ, ನಿಜ. ಆದರೆ ಮೂರು ಗಂಟೆಯ ಸಿನಿಮಾ ನೋಡಲು, ಮದುವೆಮನೆಯಲ್ಲಿ ಅರ್ಧ ದಿನ ಹರಟಲು ಅವರಿಗೇ ಬಿಡುವು ಸಿಗುತ್ತದೆ. ಹೊತ್ತಿಲ್ಲದ್ದರಿಂದಲೇ ಓದು ನಿಂತಿತು ಎಂದರೆ ನಾನು ಒಪ್ಪುವುದಿಲ್ಲ. ಓದು ನಿಲ್ಲುವುದು ಅದಕ್ಕೊಂದು ಲೆಕ್ಕ ಅಂಟಿಕೊಂಡಾಗ. ನಾನು ಹಗಲೆಲ್ಲ ಬಿಟ್ಟುಹೋದ ಒತ್ತಕ್ಷರ, ಅಲ್ಪಪ್ರಾಣವಾಗಿಬಿಟ್ಟ ಮಹಾಪ್ರಾಣ, ಒಂದೇ ಊರಿನ ಹೆಸರಿಗೆ ಮೂರು ಬಗೆಯ ಕಾಗುಣಿತ ಇವನ್ನೇ ಹುಡುಕುತ್ತಿರುತ್ತೇನೆ. ಸಂಜೆ ಕಾದಂಬರಿ ಹಿಡಿದರೂ ಕಣ್ಣು ಅದೇ ಕೆಲಸವನ್ನು ಮುಂದುವರಿಸುತ್ತಿತ್ತು. ತಾಯಿ ಮಗನನ್ನು ಕಳೆದುಕೊಳ್ಳುವ ಪುಟದಲ್ಲಿ ನನಗೆ ಮೊದಲು ಕಾಣುತ್ತಿದ್ದುದು ಜಾಗ ತಪ್ಪಿದ ಅಲ್ಪವಿರಾಮ. ಹಾಗೆ ಓದುವುದರಲ್ಲಿ ಯಾವ ಸುಖವೂ ಇಲ್ಲ.

ಬೇರೆಯವರಲ್ಲಿ ಈ ಲೆಕ್ಕದ ರೂಪ ಬೇರೆ. ಸ್ಪರ್ಧಾತ್ಮಕ ಪರೀಕ್ಷೆಗೆ ವರ್ಷಗಟ್ಟಲೆ ಓದಿದವರಿಗೆ ಪ್ರತಿ ಪುಟದಲ್ಲೂ ಪ್ರಶ್ನೆ ಕಾಣುತ್ತದೆ. ವರ್ಷಕ್ಕೆ ಐವತ್ತು ಪುಸ್ತಕ ಎಂದು ಗುರಿ ಇಟ್ಟುಕೊಂಡವರು ತೆಳ್ಳನೆಯ ಪುಸ್ತಕಗಳನ್ನೇ ಆರಿಸತೊಡಗುತ್ತಾರೆ. ಫೇಸ್‌ಬುಕ್‌ನಲ್ಲಿ ಬರೆಯಲೆಂದು ಓದುವವರು ಓದುವಾಗಲೇ ಮನಸ್ಸಿನಲ್ಲಿ ಬರೆಯುತ್ತಿರುತ್ತಾರೆ.

ಈ ವಿಷಯದಲ್ಲಿ ನನಗೆ ಪದೇ ಪದೇ ನೆನಪಾಗುವುದು ಒಂದು ಹಳೆಯ ಪ್ರಯೋಗ. ಅಮೆರಿಕದ ಮನೋವಿಜ್ಞಾನಿಗಳಾದ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್ ಮತ್ತು ರಿಚರ್ಡ್ ನಿಸ್ಬೆಟ್ 1973ರಲ್ಲಿ ಅದನ್ನು ಪ್ರಕಟಿಸಿದರು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ಚಿತ್ರ ಬಿಡಿಸುವುದನ್ನು ತಾವಾಗಿಯೇ ಇಷ್ಟಪಡುತ್ತಿದ್ದ ಮಕ್ಕಳನ್ನು ಆರಿಸಿದರು. ಕೆಲವರಿಗೆ "ಬಿಡಿಸಿದರೆ ಪ್ರಶಸ್ತಿ ಪತ್ರ ಕೊಡುತ್ತೇವೆ" ಎಂದು ಮೊದಲೇ ಹೇಳಿದರು. ಕೆಲವರಿಗೆ ಏನೂ ಹೇಳದೆ ಕೊನೆಯಲ್ಲಿ ಕೊಟ್ಟರು. ಉಳಿದವರಿಗೆ ಹೇಳಲೂ ಇಲ್ಲ, ಕೊಡಲೂ ಇಲ್ಲ. ಮುಂದೆ ಕೆಲವು ದಿನಗಳಾದ ಮೇಲೆ ಸ್ಕೆಚ್ ಪೆನ್ನುಗಳನ್ನು ಸುಮ್ಮನೆ ಮುಂದಿಟ್ಟು ನೋಡಿದಾಗ, ಪ್ರಶಸ್ತಿಗಾಗಿ ಬಿಡಿಸಿದ್ದ ಮಕ್ಕಳು ಉಳಿದವರಿಗಿಂತ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಅವನ್ನು ಹಿಡಿದರು. ನಿರೀಕ್ಷೆಯಿಲ್ಲದೆ ಪ್ರಶಸ್ತಿ ಪಡೆದವರ ಆಸಕ್ತಿ ಕುಗ್ಗಿರಲಿಲ್ಲ. ಬೇಸಿಗೆ ರಜೆಯಲ್ಲಿ "ಹತ್ತು ಪುಸ್ತಕ ಓದಿದರೆ ಸೈಕಲ್" ಎನ್ನುವ ತಂದೆತಾಯಿಯರಿಗೆ ನಾನು ಇದನ್ನು ಹೇಳುತ್ತಲೇ ಇರುತ್ತೇನೆ. ಮಗು ಪುಸ್ತಕ ಮುಚ್ಚುತ್ತಿದ್ದಂತೆ "ಇದರಿಂದ ಏನು ಕಲಿತೆ?" ಎಂದು ಕೇಳುವುದೂ ನನಗೆ ಸಂಕಟದ ವಿಷಯ. ಮಗುವಿಗೆ ಕತೆ ಇನ್ನೂ ಮುಗಿದಿರುವುದಿಲ್ಲ, ಅಷ್ಟರಲ್ಲಿ ಪರೀಕ್ಷೆ ಶುರುವಾಗಿರುತ್ತದೆ.

ನನ್ನ ಆಸೆ ಮರಳಿದ್ದು ಕಿವಿಯ ದಾರಿಯಲ್ಲಿ, ಗಮಕ ಕೇಳತೊಡಗಿದ ಮೇಲೆ. ಗಮಕದಲ್ಲಿ ಒಬ್ಬರು ಕಾವ್ಯವನ್ನು ರಾಗವಾಗಿ ವಾಚಿಸುತ್ತಾರೆ, ಇನ್ನೊಬ್ಬರು ವ್ಯಾಖ್ಯಾನ ಹೇಳುತ್ತಾರೆ. ಶಿವಮೊಗ್ಗದ ಬಳಿ ತುಂಗೆಯ ದಡದ ಹೊಸಹಳ್ಳಿ ಈ ಕಲೆಗೆ ಹೆಸರಾದ ಊರು. ಅಲ್ಲಿಯ ಎಚ್. ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದದ್ದು ಗಮಕಕ್ಕಾಗಿಯೇ. ನಾನು ಹೆಚ್ಚು ಕೇಳಿದ್ದು ಕುಮಾರವ್ಯಾಸನ ವಿರಾಟಪರ್ವವನ್ನು. ಉತ್ತರಕುಮಾರ ಹೆಂಗಸರ ಮುಂದೆ ಪೌರುಷ ಕೊಚ್ಚಿಕೊಂಡು, ಕೌರವ ಸೇನೆಯನ್ನು ಕಂಡೊಡನೆ ರಥದಿಂದ ಧುಮುಕಿ ಓಡುವುದು ಯಾರಿಗೆ ಗೊತ್ತಿಲ್ಲ? ಆದರೂ ಮುಂದೇನು ಎಂದು ಕಾಯುತ್ತಿದ್ದೆ. ಆ ಕಾವ್ಯದ ಛಂದಸ್ಸಾದ ಭಾಮಿನಿ ಷಟ್ಪದಿಯಲ್ಲಿ ಮೂರು ಮಾತ್ರೆ, ನಾಲ್ಕು ಮಾತ್ರೆಯ ಗಣಗಳು ಒಂದಾದ ಮೇಲೊಂದು ಬರುತ್ತವೆ. ಎರಡು ಗಿಡ್ಡ ಸಾಲುಗಳ ಬಳಿಕ ಮೂರನೆಯದು ಉದ್ದಕ್ಕೆ ಹರಿದು ಒಂದು ಗುರುವಿನ, ಅಂದರೆ ಎಳೆದು ಹೇಳುವ ಅಕ್ಷರದ, ಮೇಲೆ ನಿಲ್ಲುತ್ತದೆ. ಆ ನಡೆಯ ಹಿಂದೆ ಹೊರಟ ಕಿವಿಗೆ ತಪ್ಪು ಹುಡುಕಲು ಪುರುಸೊತ್ತಿಲ್ಲ. ಆಮೇಲೆ ಪುಸ್ತಕ ತೆರೆದು ನಾನೇ ಗಟ್ಟಿಯಾಗಿ ಓದಿಕೊಂಡೆ, ಕತೆ ಕಾದಂಬರಿಗಳನ್ನೂ ಹಾಗೆಯೇ ಓದಿದೆ. ಮೌನವಾದ ಓದು ನಿಧಾನವಾಗಿ ತಾನೇ ಹಿಂದೆ ಬಂತು.

ಎಲ್ಲರಿಗೂ ಇದೇ ದಾರಿ ಎನ್ನಲಾರೆ. ಪರೀಕ್ಷೆಯಿಂದ ದಣಿದವರಿಗೆ ಹಿಂದೆ ಓದಿ ಮೆಚ್ಚಿದ್ದನ್ನೇ ಮತ್ತೆ ಓದುವುದು ಒಳ್ಳೆಯದು ಎಂದು ತೋರುತ್ತದೆ. ಅದರಲ್ಲಿ ಹೊಸದಾಗಿ ಸಾಧಿಸುವಂಥದ್ದು ಏನೂ ಇರುವುದಿಲ್ಲ.

ಎಲ್ಲಿಂದ ಶುರು ಮಾಡಲಿ ಎಂದು ಕೇಳಿದರೆ ನಾನು ಸಾರ್ವಜನಿಕ ಗ್ರಂಥಾಲಯ ಎನ್ನುತ್ತೇನೆ. ದುಡ್ಡು ಕೊಟ್ಟು ತಂದ ಪುಸ್ತಕವನ್ನು ಅರ್ಧಕ್ಕೆ ಬಿಡಲು ಮನಸ್ಸು ಬರುವುದಿಲ್ಲ. ಅಲ್ಲೂ ಒಂದು ಲೆಕ್ಕ ಸೇರಿಕೊಳ್ಳುತ್ತದೆ. ಎರವಲು ತಂದದ್ದನ್ನು ಇಪ್ಪತ್ತು ಪುಟಕ್ಕೆ ಬೇಸರವಾದರೆ ಮರಳಿಸಬಹುದು. ನಮ್ಮ ರಾಜ್ಯದಲ್ಲಿ 1965ರ ಗ್ರಂಥಾಲಯ ಕಾಯಿದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆಗೇ ಗ್ರಂಥಾಲಯ ಕರವನ್ನೂ ವಸೂಲು ಮಾಡುತ್ತಾರೆ. ಆ ಪುಸ್ತಕಗಳು ನಮ್ಮ ಹಣದವೇ. ಬೆಂಗಳೂರಿನವರಾದರೆ ಕಬ್ಬನ್ ಪಾರ್ಕಿನ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದ ಕೇಂದ್ರ ಗ್ರಂಥಾಲಯಕ್ಕೆ ಒಮ್ಮೆ ಹೋಗಿ ಕುಳಿತು ನೋಡಿ. ಪತ್ತೇದಾರಿ ಕಾದಂಬರಿ ಬೇಕೆನಿಸಿದರೆ ಅದನ್ನೇ ತೆಗೆದುಕೊಳ್ಳಿ. ಅದಕ್ಕಿಂತ ಘನವಾದದ್ದನ್ನು ಓದಬೇಕಿತ್ತು ಎಂದು ಯಾರಾದರೂ ಹೇಳಿದರೆ, ಅವರು ಹೇಳಿದ್ದನ್ನು ಅವರೇ ಓದಲಿ.