ಕವರ್ ಅಂಟಿಸಿದ್ದು ಯಾರು?

2009ರ ಜೂನ್. ಬೆಂಗಳೂರಿನ ಒಂದು ಸಣ್ಣ ಸಿಎ ಆಫೀಸಿನಲ್ಲಿ ನನ್ನ ಆರ್ಟಿಕಲ್‌ಶಿಪ್, ಅಂದರೆ ಸಿಎ ಓದುವವರ ಕೆಲಸದ ತರಬೇತಿ, ನಡೀತಿತ್ತು. ಪೀಣ್ಯದ ಒಂದು ಕಂಪನಿಗೆ ಆಡಿಟ್‌ಗೆ ಹೋಗಿದ್ದೆ. ಅಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಿದ್ದವರು ಹಿರಿಯರು, ಹೋದ ತಕ್ಷಣ ಕಾಫಿ ತರಿಸೋರು. ಎಫ್‌ಡಿ ರಸೀದಿಗಳ ಜೆರಾಕ್ಸ್, ಬ್ಯಾಂಕ್ ಬ್ಯಾಲೆನ್ಸಿನ ಪತ್ರ, ಎಲ್ಲವನ್ನೂ ಬಾಕ್ಸ್ ಫೈಲಿನಲ್ಲಿ ಚೊಕ್ಕವಾಗಿ ಜೋಡಿಸಿಟ್ಟಿದ್ದರು. ನಾನು ಟಿಕ್ ಹಾಕಿಕೊಂಡು ಬಂದೆ.

ಸಂಜೆ ನಮ್ಮ ಸರ್ ಫೈಲ್ ತಿರುವಿ ಹಾಕಿ ಕೇಳಿದರು: "ಈ ಬ್ಯಾಂಕಿನ ಪತ್ರ ನಿನ್ನ ಕೈಗೆ ಕೊಟ್ಟಿದ್ದು ಯಾರು?"

"ಅಕೌಂಟ್ಸ್‌ನವರು ಸರ್."

"ಹಾಗಾದ್ರೆ ಇದು ಬ್ಯಾಂಕಿನ ಪತ್ರ ಅಲ್ಲಪ್ಪ, ಅವರ ಪತ್ರ."

ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿ ಸತ್ಯಂನ ಹಗರಣ ಹೊರಬಿದ್ದು ಆಗಿನ್ನೂ ಐದು ತಿಂಗಳು. ಆ ಜನವರಿ 7ರಂದು ಅಧ್ಯಕ್ಷ ರಾಮಲಿಂಗರಾಜು ಬೋರ್ಡಿಗೆ ಬರೆದ ಪತ್ರದಲ್ಲಿ, ಲೆಕ್ಕದಲ್ಲಿ ತೋರಿಸಿದ್ದ 5,361 ಕೋಟಿ ನಗದು ಮತ್ತು ಬ್ಯಾಂಕ್ ಬ್ಯಾಲೆನ್ಸಿನಲ್ಲಿ 5,040 ಕೋಟಿ ಇಲ್ಲವೇ ಇಲ್ಲ ಅಂತ ಒಪ್ಪಿಕೊಂಡಿದ್ದರು. ಅದರ ಹಿಂದಿನ ವರ್ಷವಷ್ಟೇ ಆ ಕಂಪನಿಗೆ ಉತ್ತಮ ಆಡಳಿತಕ್ಕೆಂದು ಗೋಲ್ಡನ್ ಪೀಕಾಕ್ ಪ್ರಶಸ್ತಿ ಬಂದಿತ್ತು. ಬೋರ್ಡಿನಲ್ಲಿ ಹಾರ್ವರ್ಡ್ ಪ್ರೊಫೆಸರ್ ಕೂಡ ಇದ್ದರು. ಆಡಿಟ್ ಮಾಡಿದವರು ಬ್ಯಾಲೆನ್ಸ್ ಖಚಿತಪಡಿಸುವ ಪತ್ರಗಳನ್ನು ಬ್ಯಾಂಕಿನಿಂದ ತಾವೇ ತರಿಸಿಕೊಳ್ಳದೆ ಕಂಪನಿ ಕೊಟ್ಟಿದ್ದನ್ನೇ ನೆಚ್ಚಿಕೊಂಡಿದ್ದರು. 2011ರಲ್ಲಿ ಅಮೆರಿಕದ ನಿಯಂತ್ರಕರು ಇದನ್ನೇ ಎತ್ತಿ ಹೇಳಿ ಅವರಿಗೆ 60 ಲಕ್ಷ ಡಾಲರ್ ದಂಡ ಹಾಕಿದರು.

ಮೈಸೂರಿನ ನಮ್ಮ ಚಿಕ್ಕಪ್ಪನ ಹತ್ತಿರ ಸತ್ಯಂನ ಒಂದು ಷೇರೂ ಇರಲಿಲ್ಲ. ಆದರೂ ಹಗರಣ ಹೊರಬಿದ್ದ ತಿಂಗಳು ಇದ್ದಬದ್ದ ಷೇರನ್ನೆಲ್ಲ ಮಾರಿ ದುಡ್ಡನ್ನು ಪೋಸ್ಟ್ ಆಫೀಸಿನಲ್ಲಿಟ್ಟರು. "ಆ ಕಂಪನಿಗಳಿಗೆಲ್ಲ ಆಡಿಟ್ ಆಗಿರುತ್ತೆ ಚಿಕ್ಕಪ್ಪ" ಅಂದೆ. "ಅದಕ್ಕೂ ಆಗಿತ್ತಲ್ಲೋ" ಅಂದರು. ಓದ್ತಿದ್ದದ್ದೇ ಆಡಿಟ್, ಆದರೂ ಬಾಯಿ ಕಟ್ಟಿತು.

ಸರ್ ಹಾಗೆ ಕೇಳಿದ ಮಾರನೇ ದಿನ ಮತ್ತೆ ಪೀಣ್ಯಕ್ಕೆ ಹೋದೆ. ಕಂಪನಿಯ ಲೆಟರ್‌ಹೆಡ್‌ನಲ್ಲಿ ಬ್ಯಾಂಕಿಗೊಂದು ಪತ್ರ ಬೇಕು, ಉತ್ತರ ನೇರ ನಮ್ಮ ಆಫೀಸಿಗೇ ಬರಬೇಕು, ಪೋಸ್ಟಿಗೂ ನಾನೇ ಹಾಕ್ತೀನಿ ಅಂದೆ. ಹಿರಿಯರ ಮುಖ ಸಣ್ಣದಾಯಿತು. "ಇಪ್ಪತ್ತು ವರ್ಷದಿಂದ ನಿಮ್ಮ ಸರ್‌ಗೆ ನಾವು ಗೊತ್ತು. ಈಗ ನಂಬಿಕೆ ಹೋಯ್ತಾ?" ಏನು ಹೇಳೋದು ಅಂತ ತಿಳಿಯದೆ ಸುಮ್ಮನೆ ಗೋಂದಿನ ಬಾಟಲಿ ಕೇಳಿದೆ.

ಎರಡು ವಾರ ಬಿಟ್ಟು ಬ್ಯಾಂಕಿನಿಂದ ಉತ್ತರ ಬಂತು. ಮೊತ್ತ ಪೈಸೆ ಸಮೇತ ಸರಿಯಾಗಿತ್ತು. ಆದರೆ ಒಂದು ಎಫ್‌ಡಿ, ನಿರ್ದೇಶಕರ ಇನ್ನೊಂದು ಸಂಸ್ಥೆ ತೆಗೆದ ಸಾಲಕ್ಕೆ ಅಡವಾಗಿತ್ತು. ಅಂದರೆ ಹಣ ಉಂಟು, ಕಂಪನಿಯ ಕೈಗೆ ಮಾತ್ರ ಸಿಗದು. ನಮ್ಮ ಫೈಲಿನಲ್ಲಿ ಇದರ ಸುಳಿವೇ ಇರಲಿಲ್ಲ. ಒರಿಜಿನಲ್ ರಸೀದಿ ತೋರಿಸಿ ಅಂದಿದ್ದರೆ ಮೊದಲ ದಿನವೇ ಗೊತ್ತಾಗ್ತಿತ್ತು, ಅದು ಬ್ಯಾಂಕಿನಲ್ಲೇ ಇತ್ತು. ನಾನು ಜೆರಾಕ್ಸ್‌ಗೆ ಟಿಕ್ ಹಾಕಿದ್ದೆ! ಹಿರಿಯರನ್ನು ಕೇಳಿದ್ದಕ್ಕೆ, "ನೀವು ಕೇಳಲಿಲ್ಲವಲ್ಲ" ಅಂದರು. ಸುಳ್ಳೇನೂ ಹೇಳಲಿಲ್ಲ ಅವರು. ಕೊನೆಗೆ ವಿಷಯ ಬ್ಯಾಲೆನ್ಸ್ ಶೀಟಿನ ಟಿಪ್ಪಣಿಗೆ ಹೋಯಿತು. ನಿರ್ದೇಶಕರು ನಮ್ಮ ಸರ್ ಜೊತೆ ಒಂದು ಗಂಟೆ ವಾದ ಮಾಡಿ ಆಮೇಲೆ ಸಹಿ ಹಾಕಿದರು.

ಮರುವರ್ಷ ನಾನು ಹೋಗುವಷ್ಟರಲ್ಲಿ ಹಿರಿಯರು ಪತ್ರಕ್ಕೆ ಸಹಿ ಮಾಡಿಸಿ, ಸ್ಟಾಂಪ್ ಹಚ್ಚಿ, ಕವರ್ ಅಂಟಿಸದೆ ಹಾಗೇ ಇಟ್ಟಿದ್ದರು. ಕಾಫಿ ಮಾತ್ರ ಸ್ವಲ್ಪ ತಡವಾಗಿ ಬಂತು.