ಸಾಂಟಾ ಕ್ಲಾರಾದ ಬ್ಯಾಕ್ ಆಟಗಾರ್ತಿ

ನಮ್ಮ ಈ ಕಾಲೇಜಿನಲ್ಲಿ ಬಿ.ಇ. ಮುಗಿಸಿ ನಾನು ಎಂ.ಎಸ್. ಓದಿದ್ದು ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾ ವಿಶ್ವವಿದ್ಯಾಲಯದಲ್ಲಿ. ಲ್ಯಾಬ್ ಮುಗಿದ ಮೇಲೆ ಕ್ಯಾಂಪಸ್ಸಿನ ಬಕ್ ಶಾ ಸ್ಟೇಡಿಯಂನಲ್ಲಿ ಹುಡುಗಿಯರ ಫುಟ್‌ಬಾಲ್ ನೋಡುತ್ತಿದ್ದೆವು. ಅಲ್ಲಿ ಯಾರ ಬಾಯಲ್ಲೂ ಅಮೆರಿಕ ತಂಡದಲ್ಲಿ ಬ್ಯಾಕ್ (ಹಿಂದೆ ನಿಂತು ಎದುರಾಳಿಗಳನ್ನು ತಡೆಯುವ ಜಾಗ) ಆಡಿದ ಬ್ರಾಂಡಿ ಚಾಸ್ಟೇನ್ ಹೆಸರೇ. ಇಲ್ಲಿನ ನಮ್ಮ ಕಾಲೇಜು ಟೀಮಿನಲ್ಲಿ ನಾನೂ ಬ್ಯಾಕ್ ಆಡುತ್ತಿದ್ದೆ. ಬ್ಯಾಕ್‌ಗಳನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ, ಅಲ್ವಾ? ಅದಕ್ಕೇ ಅವರ ಕತೆ ನನಗೆ ಹಿಡಿಸಿತು.

ಬ್ರಾಂಡಿ ಪಕ್ಕದ ಸ್ಯಾನ್ ಹೊಸೆಯವರು. ಮೊದಲು ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿದ್ದರು. ಅಲ್ಲಿ ಮಂಡಿ ಆಪರೇಷನ್ ಆಗಿ, ಆಮೇಲೆ ಸಾಂಟಾ ಕ್ಲಾರಾಗೆ ಬಂದರು. ಆಗ ಫಾರ್ವರ್ಡ್, ಅಂದರೆ ಮುಂದೆ ನಿಂತು ಗೋಲು ಹೊಡೆಯುವವರು. 1991ರಲ್ಲಿ ಮೆಕ್ಸಿಕೊ ಮೇಲೆ ಒಂದೇ ಮ್ಯಾಚಿನಲ್ಲಿ ಐದು ಗೋಲು ಹೊಡೆದರು. ಆದರೂ 1995ರ ವಿಶ್ವಕಪ್ ತಂಡದಲ್ಲಿ ಜಾಗ ಸಿಗಲಿಲ್ಲ. ಮುಂದೆ ಕೋಚ್ ಟೋನಿ ಡಿಚಿಕೊ ವಾಪಸ್ ಕರೆಸಿಕೊಂಡರು, ಆದರೆ ಬ್ಯಾಕ್ ಆಡುವುದಕ್ಕೆ. ಗೋಲು ಹೊಡೆದು ರುಚಿ ಕಂಡವರು ಹಿಂದೆ ನಿಲ್ಲಲು ಒಪ್ಪುವುದು ಸುಮ್ನೆ ಅಲ್ಲ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಬ್ಯಾಕ್ ಆಡಿಯೇ ಚಿನ್ನ ಗೆದ್ದರು.

1999ರ ವಿಶ್ವಕಪ್ ಎಂದರೆ ಎಲ್ಲರೂ ಹೇಳುವುದು ಫೈನಲ್ಲಿನ ಫೋಟೊ: ಬ್ರಾಂಡಿ ಗೆದ್ದ ಖುಷಿಯಲ್ಲಿ ಜರ್ಸಿ ಕಳಚಿ ಮಂಡಿಯೂರಿದ್ದು. ನನಗೆ ಅದಕ್ಕಿಂತ ದೊಡ್ಡದು ಜರ್ಮನಿ ಮೇಲಿನ ಕ್ವಾರ್ಟರ್ ಫೈನಲ್. ಐದನೇ ನಿಮಿಷ. ಬ್ರಾಂಡಿ ತಮ್ಮ ಗೋಲ್‌ಕೀಪರ್ ಬ್ರಿಯಾನಾ ಸ್ಕರಿ ಕಡೆ ಚೆಂಡು ಹಿಂದಕ್ಕೆ ತಳ್ಳಿದರು. ಸ್ಕರಿ ಅಷ್ಟರಲ್ಲಿ ಮುಂದೆ ಬಂದುಬಿಟ್ಟಿದ್ದರು. ಚೆಂಡು ಉರುಳಿಕೊಂಡು ಹೋಗಿ ಸ್ವಂತ ಗೋಲಿಗೇ ಬಿತ್ತು! ಬ್ಯಾಕ್ ಆಡಿದವರಿಗೆ ಗೊತ್ತು, ಆಗ ಕಾಲೇ ಏಳುವುದಿಲ್ಲ. ಆದರೆ 49ನೇ ನಿಮಿಷದಲ್ಲಿ ಕಾರ್ನರ್ ಕಿಕ್‌ನಿಂದ ಬಂದ ಚೆಂಡನ್ನು ಬಲೆಗೆ ನುಗ್ಗಿಸಿ 2-2 ಮಾಡಿದವರೂ ಇವರೇ. ಅಮೆರಿಕ 3-2ರಲ್ಲಿ ಗೆದ್ದಿತು.

ಫೈನಲ್ ಜುಲೈ 10ಕ್ಕೆ, ರೋಸ್ ಬೌಲ್ ಸ್ಟೇಡಿಯಂನಲ್ಲಿ. 90,185 ಜನ. ಚೀನಾ ಜೊತೆ ಪೆನಾಲ್ಟಿ ತನಕ ಹೋಯಿತು. ಕೆಲವು ತಿಂಗಳ ಹಿಂದಷ್ಟೇ ಚೀನಾದ ಅದೇ ಗೋಲ್‌ಕೀಪರ್ ಗಾವ್ ಹಾಂಗ್ ಎದುರು ಬ್ರಾಂಡಿ ಬಲಗಾಲಲ್ಲಿ ಹೊಡೆದ ಪೆನಾಲ್ಟಿ ಮೇಲಿನ ಕಂಬಿಗೆ ಬಡಿದಿತ್ತು. ಹಾಗಾಗಿ ಈ ಸಲ ಎಡಗಾಲಲ್ಲಿ ಹೊಡಿ ಅಂದರು ಕೋಚ್. ಹೊಡೆದರು. ಕಪ್ ಬಂತು.

2004ರ ಅಥೆನ್ಸ್ ಚಿನ್ನದ ಬಳಿಕ ದೇಶದ ತಂಡ ಬಿಟ್ಟರು, ಅಷ್ಟೊತ್ತಿಗೆ 192 ಪಂದ್ಯ ಆಗಿತ್ತು. ಮೆದುಳಿಗೆ ಪೆಟ್ಟಾಗಬಹುದು, 14 ವರ್ಷದೊಳಗಿನ ಮಕ್ಕಳಿಂದ ಚೆಂಡಿಗೆ ತಲೆ ಕೊಡಿಸಬೇಡಿ (ಹೆಡ್ಡಿಂಗ್) ಎಂದು ಆಮೇಲೆ ಪ್ರಚಾರಕ್ಕೆ ಇಳಿದರು. ಸತ್ತ ಮೇಲೆ ತಮ್ಮ ಮೆದುಳನ್ನು ಸಂಶೋಧನೆಗೆ ಕೊಡುವುದಾಗಿ 2016ರಲ್ಲಿ ಹೇಳಿದರು. ನಮ್ಮ ಕಾಲೇಜಿನ ಈಗಿನ ಟೀಮಿನವರೇ, ಶಾಲೆ ಮಕ್ಕಳಿಗೆ ಕೋಚಿಂಗ್ ಕೊಡಲು ಹೋಗುವಾಗ ಹೆಡ್ಡಿಂಗ್ ವಿಷಯ ಒಮ್ಮೆ ಪಿ.ಟಿ. ಮೇಷ್ಟ್ರ ಹತ್ತಿರ ಮಾತಾಡಿ.